ಸಂಬಳದ ಮಿತಿ ಮತ್ತು ರಕ್ಷಣಾ ಆಟಗಾರರ ಮರುಒಪ್ಪಂದ: ಸಿಯಾಟಲ್ ಸೀಹಾಕ್ಸ್ ತಂಡದ ಲೆಕ್ಕ

ಗೆದ್ದ ತಂಡವನ್ನು ಹಾಗೆಯೇ ಉಳಿಸಿಕೊಳ್ಳುವುದು ಗೆಲ್ಲುವುದಕ್ಕಿಂತ ಕಷ್ಟ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಈ ಮಾತು ನಿಯಮದ ಬಲದಿಂದಲೇ ನಿಜವಾಗಿದೆ. ತಂಡದ ಮಾಲೀಕ ಎಷ್ಟೇ ಸಿರಿವಂತನಾಗಿರಲಿ, ಆಟಗಾರರ ಸಂಬಳಕ್ಕೆ ವರ್ಷಕ್ಕೆ ಇಂತಿಷ್ಟೇ ಖರ್ಚು ಮಾಡಬೇಕೆಂಬ ಮಿತಿ ಅಲ್ಲಿದೆ. ಇದನ್ನೇ ಸ್ಯಾಲರಿ ಕ್ಯಾಪ್ ಎನ್ನುತ್ತಾರೆ. ಹಾಸಿಗೆ ಇದ್ದಷ್ಟೇ ಕಾಲು ಚಾಚು ಎಂಬ ಗಾದೆಯನ್ನು 32 ತಂಡಗಳಿಗೂ ಒಂದೇ ಅಳತೆಯ ಹಾಸಿಗೆ ಕೊಟ್ಟು ಜಾರಿಗೆ ತಂದಂತೆ ಈ ವ್ಯವಸ್ಥೆ.

ಈ ಮಿತಿಯೊಳಗೆ ಒಂದು ಶ್ರೇಷ್ಠ ರಕ್ಷಣಾ ಪಡೆಯನ್ನು ಕಟ್ಟಿ, ಉಳಿಸಿ, ಕೊನೆಗೆ ಕಳೆದುಕೊಂಡ ಉದಾಹರಣೆಯಾಗಿ ಸಿಯಾಟಲ್ ಸೀಹಾಕ್ಸ್ ತಂಡದ 2010ರಿಂದ 2019ರವರೆಗಿನ ಅವಧಿಯನ್ನು ನೋಡಬಹುದು.

ಆಟದ ಕಿರು ಪರಿಚಯ

ನಮ್ಮಲ್ಲಿ ಫುಟ್‌ಬಾಲ್ ಎಂದರೆ ಕಾಲ್ಚೆಂಡು. ಅಮೆರಿಕದ ಫುಟ್‌ಬಾಲ್ ಬೇರೆ. ಚೆಂಡು ಮೊಟ್ಟೆಯಾಕಾರದ್ದು; ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ ಅಥವಾ ಎಸೆಯುತ್ತಾರೆ. ಒಂದು ಬಾರಿಗೆ ಒಂದು ತಂಡದ 11 ಮಂದಿ ಮೈದಾನದಲ್ಲಿರುತ್ತಾರೆ. ದಾಳಿ ಮಾಡುವ 11 ಮಂದಿ ಬೇರೆ, ರಕ್ಷಣೆಯ 11 ಮಂದಿ ಬೇರೆ. ದಾಳಿಯ ತಂಡಕ್ಕೆ ನಾಲ್ಕು ಪ್ರಯತ್ನಗಳಲ್ಲಿ 10 ಗಜ ಮುಂದೆ ಸಾಗುವ ಗುರಿ. ಅದನ್ನು ತಡೆಯುವುದು ರಕ್ಷಣೆಯ ಕೆಲಸ.

ರಕ್ಷಣೆಯಲ್ಲಿ ಮೂರು ಸಾಲುಗಳಿವೆ. ಮುಂದಿನ ಸಾಲಿನವರು ಎದುರಾಳಿಯ ಗೋಡೆಯನ್ನು ಮುರಿದು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಬೀಳುತ್ತಾರೆ. ನಡುವಿನವರು ಲೈನ್‌ಬ್ಯಾಕರ್‌ಗಳು. ಹಿಂದಿನ ಸಾಲಿನಲ್ಲಿ ಅಂಚು ಕಾಯುವ ಕಾರ್ನರ್‌ಬ್ಯಾಕ್‌ಗಳು, ನಡುಭಾಗ ಕಾಯುವ ಸೇಫ್ಟಿಗಳು ಇರುತ್ತಾರೆ. ಈ ಮೂರು ಸಾಲುಗಳು ಒಂದನ್ನೊಂದು ನಂಬಿ ಆಡುತ್ತವೆ. ಮುಂದಿನವರು ಬೇಗ ನುಗ್ಗಿದರೆ ಹಿಂದಿನವರು ಹೆಚ್ಚು ಹೊತ್ತು ಕಾವಲು ಕಾಯಬೇಕಿಲ್ಲ. ಹಿಂದಿನವರು ಬಿಗಿಯಾಗಿದ್ದರೆ ಮುಂದಿನವರಿಗೆ ನುಗ್ಗಲು ಸಮಯ ಸಿಗುತ್ತದೆ. ಹೀಗಾಗಿ ಒಬ್ಬ ಹೋದರೆ ಹೋಗುವುದು ಒಬ್ಬನ ಆಟ ಮಾತ್ರವಲ್ಲ. ಮರುಒಪ್ಪಂದದ ತಲೆನೋವು ಶುರುವಾಗುವುದೇ ಇಲ್ಲಿಂದ.

ಮಿತಿ ಬಂದ ಬಗೆ

ಆಟಗಾರರ ಸಂಘ ಮತ್ತು ಮಾಲೀಕರ ನಡುವೆ 1993ರಲ್ಲಿ ಆದ ಒಪ್ಪಂದ ಎರಡು ಬದಲಾವಣೆ ತಂದಿತು. ಒಪ್ಪಂದ ಮುಗಿದ ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗುವ ಹಕ್ಕು ಪಡೆದ. ಪ್ರತಿಯಾಗಿ ಮಾಲೀಕರಿಗೆ ಒಟ್ಟು ಸಂಬಳದ ಮೇಲೆ ಮಿತಿ ಸಿಕ್ಕಿತು. ಮಿತಿ ಮೊದಲು ಜಾರಿಗೆ ಬಂದದ್ದು 1994ರಲ್ಲಿ; ಆಗ ಒಂದು ತಂಡಕ್ಕೆ 3.46 ಕೋಟಿ ಡಾಲರ್. 2010ರಲ್ಲಿ ಒಂದು ವರ್ಷ ಮಿತಿ ಇರಲಿಲ್ಲ. 2011ರ ಹೊಸ ಒಪ್ಪಂದದೊಂದಿಗೆ ಅದು ಮರಳಿತು.

ಲೀಗ್‌ನ ಆದಾಯದಲ್ಲಿ ಆಟಗಾರರಿಗೆ ಸಲ್ಲಬೇಕಾದ ಪಾಲನ್ನು ಆಧರಿಸಿ ಪ್ರತಿ ವರ್ಷ ಮಿತಿ ನಿಗದಿಯಾಗುತ್ತದೆ. ಟಿವಿ ಹಕ್ಕಿನ ಹಣ ಏರಿದಂತೆ ಮಿತಿಯೂ ಏರುತ್ತದೆ. 2013ರಲ್ಲಿ 12.3 ಕೋಟಿ ಡಾಲರ್ ಇದ್ದದ್ದು 2019ರಲ್ಲಿ 18.82 ಕೋಟಿಗೂ, 2025ರಲ್ಲಿ 27.92 ಕೋಟಿಗೂ ಮುಟ್ಟಿತು. ಕೊರೊನಾ ಕಾಲದಲ್ಲಿ ಕ್ರೀಡಾಂಗಣಗಳು ಖಾಲಿಯಾಗಿದ್ದ ಕಾರಣ 2020ರ 19.82 ಕೋಟಿಯಿಂದ 2021ರಲ್ಲಿ 18.25 ಕೋಟಿಗೆ ಇಳಿದದ್ದೂ ಉಂಟು.

ನಮ್ಮ ಐಪಿಎಲ್ ನೋಡುವವರಿಗೆ ಇದು ತೀರಾ ಹೊಸದೇನಲ್ಲ. 2025ರ ಋತುವಿಗೆ ಪ್ರತಿ ಫ್ರಾಂಚೈಸಿಗೆ 120 ಕೋಟಿ ರೂಪಾಯಿ ಮಿತಿಯಿತ್ತು. ಉಳಿಸಿಕೊಂಡ ಆಟಗಾರರ ಹಣವೂ ಅದರಲ್ಲೇ ಕಳೆಯುತ್ತಿತ್ತು. ಆದರೆ ಐಪಿಎಲ್‌ನಲ್ಲಿ ಕೆಲವು ವರ್ಷಗಳಿಗೊಮ್ಮೆ ದೊಡ್ಡ ಹರಾಜು ನಡೆದು ಬಹುತೇಕ ತಂಡಗಳು ಹೊಸದಾಗಿ ಕಟ್ಟಿಕೊಳ್ಳುತ್ತವೆ. ಎನ್‌ಎಫ್‌ಎಲ್‌ನಲ್ಲಿ ಅಂಥ ಹರಾಜಿಲ್ಲ. ಪ್ರತಿ ಆಟಗಾರನೊಂದಿಗೆ ಬೇರೆ ಬೇರೆ ಅವಧಿಯ ಒಪ್ಪಂದ. ಪ್ರತಿ ವರ್ಷವೂ ಯಾರದಾದರೂ ಗಡುವು ಮುಗಿಯುತ್ತಲೇ ಇರುತ್ತದೆ. 53 ಆಟಗಾರರ ಪಟ್ಟಿಯನ್ನು ಒಂದೇ ಮಿತಿಯೊಳಗೆ ಹೊಂದಿಸಬೇಕು.

ಮುಂಗಡ ಹಣದ ಲೆಕ್ಕ

ಒಪ್ಪಂದದ ಒಟ್ಟು ಮೊತ್ತ ಪತ್ರಿಕೆಗಳಲ್ಲಿ ದೊಡ್ಡದಾಗಿ ಬರುತ್ತದೆ. ಆದರೆ ತಂಡದ ಲೆಕ್ಕದಲ್ಲಿ ಮುಖ್ಯವಾದುದು ಆ ಹಣ ಯಾವ ವರ್ಷದ ಖಾತೆಗೆ ಬೀಳುತ್ತದೆ ಎಂಬುದು. ಸಹಿ ಮಾಡುವಾಗ ಕೊಡುವ ಬೋನಸ್ ಆಟಗಾರನ ಕೈಗೆ ಬೇಗ ಸೇರುತ್ತದೆ. ಮಿತಿಯ ಲೆಕ್ಕದಲ್ಲಿ ಮಾತ್ರ ಅದನ್ನು ಒಪ್ಪಂದದ ವರ್ಷಗಳಿಗೆ, ಗರಿಷ್ಠ ಐದು ವರ್ಷಕ್ಕೆ, ಸಮನಾಗಿ ಹಂಚಲು ಅವಕಾಶವಿದೆ.

ಒಂದು ಕಲ್ಪಿತ ಉದಾಹರಣೆ ನೋಡಬಹುದು. ಐದು ವರ್ಷದ ಒಪ್ಪಂದ, 2 ಕೋಟಿ ಡಾಲರ್ ಬೋನಸ್ ಎಂದಿಟ್ಟುಕೊಂಡರೆ ಪ್ರತಿ ವರ್ಷದ ಖಾತೆಗೆ 40 ಲಕ್ಷದಂತೆ ಬೀಳುತ್ತದೆ. ಎರಡು ವರ್ಷ ಆಡಿಸಿ ಆಟಗಾರನನ್ನು ಕೈಬಿಟ್ಟರೆ ಉಳಿದ ಮೂರು ವರ್ಷದ 1.2 ಕೋಟಿ ಮಾಯವಾಗುವುದಿಲ್ಲ. ಅದು ತಂಡದ ಲೆಕ್ಕಕ್ಕೆ ಬಂದು ಕೂರುತ್ತದೆ. ಆಡದವನ ಹೆಸರಿನಲ್ಲಿ ಉಳಿಯುವ ಈ ಖರ್ಚಿಗೆ ಅಲ್ಲಿ ಡೆಡ್ ಮನಿ ಎನ್ನುತ್ತಾರೆ. ಕೆಲಸದಾಳಿಗೆ ಕೊಟ್ಟ ಮುಂಗಡ ತೀರುವ ಮೊದಲೇ ಆಳು ಹೊರಟುಹೋದರೆ ಧಣಿಯ ಪುಸ್ತಕದಲ್ಲಿ ಉಳಿಯುವ ಬಾಕಿಯಂತೆ ಇದು.

ಸಂಬಳದ ಒಂದು ಭಾಗವನ್ನು ಬೋನಸ್ ಆಗಿ ಮಾರ್ಪಡಿಸಿ ಈ ವರ್ಷದ ಹೊರೆಯನ್ನು ಮುಂದಿನ ವರ್ಷಗಳಿಗೆ ತಳ್ಳುವ ದಾರಿಯೂ ಇದೆ. ಇದರಿಂದ ತಕ್ಷಣಕ್ಕೆ ಉಸಿರಾಡಬಹುದು. ಆದರೆ ಸಾಲ ಸಾಲವೇ. ಆಟಗಾರ ಗಾಯಗೊಂಡರೆ ಅಥವಾ ಆಟ ಕುಂದಿದರೆ ಆ ಹೊರೆ ತಂಡದ ತಲೆಯ ಮೇಲೆ.

ಆಟಗಾರನ ಕಡೆಯಿಂದ ನೋಡಿದರೆ ಲೆಕ್ಕ ಇನ್ನೊಂದು ಬಗೆ. ಎನ್‌ಎಫ್‌ಎಲ್ ಒಪ್ಪಂದದ ಮೊತ್ತವೆಲ್ಲ ಖಾತರಿಯದಲ್ಲ. ಖಾತರಿ ಎಂದು ಬರೆದ ಭಾಗ ಬಿಟ್ಟು ಉಳಿದದ್ದನ್ನು ತಂಡ ಆಟಗಾರನನ್ನು ಕೈಬಿಟ್ಟು ಉಳಿಸಿಕೊಳ್ಳಬಹುದು. ಮೈ ಮುರಿಯುವ ಈ ಆಟದಲ್ಲಿ ಹೆಚ್ಚಿನವರಿಗೆ ದೊಡ್ಡ ಒಪ್ಪಂದ ಸಿಗುವುದು ಜೀವನದಲ್ಲಿ ಒಮ್ಮೆ, ಹೆಚ್ಚೆಂದರೆ ಎರಡು ಬಾರಿ. ಆದುದರಿಂದ ಖಾತರಿ ಹಣಕ್ಕಾಗಿ ಅವರು ಪಟ್ಟು ಹಿಡಿಯುವುದು ಸಹಜ.

ತಂಡದ ಕೈಯಲ್ಲಿರುವ ದಾರಿಗಳು

ಹೊಸಬರನ್ನು ಡ್ರಾಫ್ಟ್ ಎಂಬ ಸರದಿ ಆಯ್ಕೆಯಲ್ಲಿ ತಂಡಗಳು ಪಡೆಯುತ್ತವೆ. 2011ರ ಒಪ್ಪಂದದ ನಂತರ ಹೀಗೆ ಬಂದವರ ಮೊದಲ ನಾಲ್ಕು ವರ್ಷಗಳ ಸಂಬಳ ಬಹುಮಟ್ಟಿಗೆ ಮೊದಲೇ ನಿಗದಿ. ಮೂರು ಋತು ಮುಗಿಯುವವರೆಗೆ ಅದನ್ನು ಬದಲಿಸುವಂತೆಯೂ ಇಲ್ಲ. ಎಳೆಯ ಆಟಗಾರ ಎಷ್ಟೇ ಚೆನ್ನಾಗಿ ಆಡಿದರೂ ಆ ಅವಧಿಯಲ್ಲಿ ತಂಡಕ್ಕೆ ಅಗ್ಗ. ಮೊದಲ ಸುತ್ತಿನಲ್ಲಿ ಆಯ್ಕೆಯಾದವರನ್ನು ಐದನೇ ವರ್ಷಕ್ಕೂ ಹಿಡಿದಿಡುವ ಆಯ್ಕೆ ತಂಡಕ್ಕಿದೆ.

ಆ ಬಳಿಕ ಮೂರು ದಾರಿಗಳು. ಗಡುವು ಮುಗಿಯುವ ಮೊದಲೇ ಹೊಸ ಒಪ್ಪಂದ ಮಾಡಿಕೊಳ್ಳುವುದು ಒಂದು. ಹೋಗಲು ಬಿಡುವುದು ಇನ್ನೊಂದು. ಆಗ ನಷ್ಟಕ್ಕೆ ಪರಿಹಾರವಾಗಿ ಮುಂದಿನ ಡ್ರಾಫ್ಟ್‌ನಲ್ಲಿ ಹೆಚ್ಚುವರಿ ಆಯ್ಕೆ ಸಿಗಬಹುದು. ಮೂರನೆಯದು ಫ್ರಾಂಚೈಸ್ ಟ್ಯಾಗ್. ವರ್ಷಕ್ಕೆ ಒಬ್ಬ ಆಟಗಾರನಿಗೆ ಮಾತ್ರ ಇದನ್ನು ಬಳಸಬಹುದು. ಆ ಸ್ಥಾನದ ಅತಿ ಹೆಚ್ಚು ಸಂಬಳದವರ ಸರಾಸರಿಯನ್ನು ಆಧರಿಸಿದ ಮೊತ್ತ ಕೊಟ್ಟು ಒಂದು ವರ್ಷ ಉಳಿಸಿಕೊಳ್ಳುವ ಹಕ್ಕು ಇದು. ಮೊತ್ತ ದೊಡ್ಡದೇ. ಆದರೆ ಒಂದೇ ವರ್ಷದ ಭದ್ರತೆಯಾದ ಕಾರಣ ಆಟಗಾರರಿಗೆ ಇದು ಅಷ್ಟು ಇಷ್ಟವಿಲ್ಲ.

ಅಗ್ಗದಲ್ಲಿ ಕಟ್ಟಿದ ಕೋಟೆ

ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದ ತಂಡಕ್ಕೆ 2010ರಲ್ಲಿ ತರಬೇತುದಾರರಾಗಿ ಪೀಟ್ ಕ್ಯಾರೊಲ್, ಜನರಲ್ ಮ್ಯಾನೇಜರ್ ಆಗಿ ಜಾನ್ ಷ್ನೈಡರ್ ಬಂದರು. ಅದೇ ವರ್ಷ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಸೇಫ್ಟಿ ಅರ್ಲ್ ಥಾಮಸ್, ಐದನೇ ಸುತ್ತಿನಲ್ಲಿ ಸೇಫ್ಟಿ ಕ್ಯಾಮ್ ಚಾನ್ಸೆಲರ್ ಸಿಕ್ಕಿದರು. 2011ರಲ್ಲಿ ನಾಲ್ಕನೇ ಸುತ್ತಿನಲ್ಲಿ ಲೈನ್‌ಬ್ಯಾಕರ್ ಕೆ.ಜೆ. ರೈಟ್, ಐದನೇ ಸುತ್ತಿನಲ್ಲಿ ಕಾರ್ನರ್‌ಬ್ಯಾಕ್ ರಿಚರ್ಡ್ ಷರ್ಮನ್, ಆರನೇ ಸುತ್ತಿನಲ್ಲಿ ಬೈರನ್ ಮ್ಯಾಕ್ಸ್‌ವೆಲ್. ಕೆನಡಾದ ಲೀಗ್‌ನಲ್ಲಿ ಆಡುತ್ತಿದ್ದ ಬ್ರಾಂಡನ್ ಬ್ರೌನರ್ ಅವರನ್ನೂ ಕರೆತರಲಾಯಿತು. 2012ರಲ್ಲಿ ಎರಡನೇ ಸುತ್ತಿನಲ್ಲಿ ಲೈನ್‌ಬ್ಯಾಕರ್ ಬಾಬಿ ವ್ಯಾಗ್ನರ್, ಮೂರನೇ ಸುತ್ತಿನಲ್ಲಿ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಬಂದರು.

ಬೇರೆ ತಂಡಗಳು ಕಡೆಗಣಿಸಿದವರೇ ಇವರಲ್ಲಿ ಹೆಚ್ಚು. 2013ರಲ್ಲಿ ವಿಲ್ಸನ್ ಮತ್ತು ಷರ್ಮನ್, ಇಬ್ಬರೂ ತಂಡದ ಲೆಕ್ಕಕ್ಕೆ ತಲಾ ಏಳು ಲಕ್ಷ ಡಾಲರ್‌ಗಿಂತ ಕಡಿಮೆ ಖರ್ಚಿನವರು. ಉಳಿದ ಹಣದಲ್ಲಿ ಮುಂದಿನ ಸಾಲಿಗೆ ಕ್ಲಿಫ್ ಎವ್ರಿಲ್ ಮತ್ತು ಮೈಕೆಲ್ ಬೆನೆಟ್ ಅವರನ್ನು ಹೊರಗಿನಿಂದ ತರಲು ಸಾಧ್ಯವಾಯಿತು. ಹಿಂದಿನ ಸಾಲಿಗೆ ಅಭಿಮಾನಿಗಳು ಲೀಜನ್ ಆಫ್ ಬೂಮ್ ಎಂದು ಕರೆದರು.

ಫಲ ಬೇಗನೆ ಬಂತು. 2013ರ ಋತುವಿನ 16 ಪಂದ್ಯಗಳಲ್ಲಿ ಸಿಯಾಟಲ್ ಬಿಟ್ಟುಕೊಟ್ಟದ್ದು 231 ಅಂಕ ಮಾತ್ರ. 2014ರ ಫೆಬ್ರವರಿ 2ರಂದು ನಡೆದ ಸೂಪರ್ ಬೌಲ್ ಫೈನಲ್‌ನಲ್ಲಿ ಎದುರಾಳಿ ಡೆನ್ವರ್ ಬ್ರಾಂಕೋಸ್. ಆ ಋತುವಿನಲ್ಲಿ 606 ಅಂಕ ಗಳಿಸಿ ಲೀಗ್ ದಾಖಲೆ ಬರೆದಿದ್ದ ತಂಡ ಅದು. ಸಿಯಾಟಲ್ 43-8ರಿಂದ ಗೆದ್ದು ಮೊದಲ ಬಾರಿಗೆ ಪ್ರಶಸ್ತಿ ಪಡೆಯಿತು. ಪಂದ್ಯದ ಶ್ರೇಷ್ಠ ಆಟಗಾರನಾದವರು ಏಳನೇ ಸುತ್ತಿನ ಆಯ್ಕೆಯಾದ ಲೈನ್‌ಬ್ಯಾಕರ್ ಮಾಲ್ಕಮ್ ಸ್ಮಿತ್.

ಬಿತ್ತಿದ ಕ್ರಮದಲ್ಲೇ ಬಂದ ಬಿಲ್ಲು

ಡ್ರಾಫ್ಟ್ ಆದ ವರ್ಷದ ಕ್ರಮದಲ್ಲೇ ಮರುಒಪ್ಪಂದಗಳ ಸರದಿ ಬಂತು. ಪ್ರಮುಖವಾದವು ಹೀಗಿವೆ:

2013 ಏಪ್ರಿಲ್: ಕ್ಯಾಮ್ ಚಾನ್ಸೆಲರ್, 4 ವರ್ಷ, 2.8 ಕೋಟಿ ಡಾಲರ್
2014 ಮಾರ್ಚ್: ಮೈಕೆಲ್ ಬೆನೆಟ್, 4 ವರ್ಷ, 2.85 ಕೋಟಿ
2014 ಏಪ್ರಿಲ್: ಅರ್ಲ್ ಥಾಮಸ್, 4 ವರ್ಷ, 4 ಕೋಟಿ
2014 ಮೇ: ರಿಚರ್ಡ್ ಷರ್ಮನ್, 4 ವರ್ಷ, 5.6 ಕೋಟಿ
2014 ಡಿಸೆಂಬರ್: ಕೆ.ಜೆ. ರೈಟ್, 4 ವರ್ಷ, 2.7 ಕೋಟಿ, ಕ್ಲಿಫ್ ಎವ್ರಿಲ್, 4 ವರ್ಷ, 2.85 ಕೋಟಿ
2015 ಜುಲೈ: ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್, 4 ವರ್ಷ, 8.76 ಕೋಟಿ
2015 ಆಗಸ್ಟ್: ಬಾಬಿ ವ್ಯಾಗ್ನರ್, 4 ವರ್ಷ, 4.3 ಕೋಟಿ

ಸಹಿ ಹಾಕಿದ ಹೊತ್ತಿಗೆ ಥಾಮಸ್ ಸೇಫ್ಟಿಗಳಲ್ಲೂ, ಷರ್ಮನ್ ಕಾರ್ನರ್‌ಬ್ಯಾಕ್‌ಗಳಲ್ಲೂ ವಾರ್ಷಿಕ ಸರಾಸರಿಯಲ್ಲಿ ಅತಿ ಹೆಚ್ಚು ಸಂಬಳದವರಾದರು. ಮುಖ್ಯರಾದ ಎಲ್ಲರನ್ನೂ ಸಿಯಾಟಲ್ ಉಳಿಸಿಕೊಂಡಿತು. ಇದು ಸಣ್ಣ ಸಾಧನೆಯಲ್ಲ.

ಬೆಲೆ ತೆತ್ತವರು ಎರಡನೇ ಸಾಲಿನವರು. 2014ರಲ್ಲಿ ರೆಡ್ ಬ್ರಯಂಟ್, ಕ್ರಿಸ್ ಕ್ಲೆಮನ್ಸ್ ಅವರನ್ನು ಕೈಬಿಡಲಾಯಿತು. ಕ್ಲಿಂಟನ್ ಮೆಕ್‌ಡೊನಾಲ್ಡ್, ವಾಲ್ಟರ್ ಥರ್ಮಂಡ್ ಬೇರೆ ತಂಡ ಸೇರಿದರು. 2015ರಲ್ಲಿ ಮ್ಯಾಕ್ಸ್‌ವೆಲ್‌ಗೆ ಫಿಲಡೆಲ್ಫಿಯಾ ಈಗಲ್ಸ್ ತಂಡ ಆರು ವರ್ಷಕ್ಕೆ 6.3 ಕೋಟಿ ಡಾಲರ್ ಕೊಡಲು ಮುಂದಾಯಿತು, ಸಿಯಾಟಲ್ ಬಿಟ್ಟುಕೊಟ್ಟಿತು. ಮ್ಯಾಕ್ಸ್‌ವೆಲ್ ಅಲ್ಲಿ ಆಡಿದ್ದು ಒಂದೇ ಋತು. ಆ ಸಲ ಬಿಟ್ಟುಕೊಟ್ಟದ್ದೇ ಸರಿಯಾಗಿತ್ತು.

ಬಿಟ್ಟುಕೊಟ್ಟದ್ದು ಎಲ್ಲ ಸಲವೂ ಹಾಗೆ ಆಗಲಿಲ್ಲ. 2014ರಲ್ಲಿ ಹೊರಹೋದ ಬ್ರಾಂಡನ್ ಬ್ರೌನರ್ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಸೇರಿದ್ದರು. 2015ರ ಫೆಬ್ರವರಿ 1ರಂದು ಅರಿಜೋನಾದ ಗ್ಲೆಂಡೇಲ್‌ನಲ್ಲಿ ಸೂಪರ್ ಬೌಲ್‌ನಲ್ಲಿ ಎರಡೂ ತಂಡಗಳು ಎದುರಾದವು. ಅಂತಿಮ ಕ್ಷಣಗಳಲ್ಲಿ ಗೆಲುವಿಗೆ ಒಂದೇ ಗಜ ಬಾಕಿ ಇದ್ದಾಗ ವಿಲ್ಸನ್ ಎಸೆದ ಚೆಂಡನ್ನು ಪೇಟ್ರಿಯಟ್ಸ್‌ನ ಮಾಲ್ಕಮ್ ಬಟ್ಲರ್ ಕಸಿದುಕೊಂಡರು. ಬಟ್ಲರ್ ದಾರಿಗೆ ಅಡ್ಡ ಬರಬೇಕಿದ್ದ ಸಿಯಾಟಲ್ ಆಟಗಾರನನ್ನು ಕದಲದಂತೆ ತಡೆದು ನಿಲ್ಲಿಸಿದ್ದು ಬ್ರೌನರ್. ಸಿಯಾಟಲ್ 24-28ರಿಂದ ಸೋತಿತು.

ಆ ಪಂದ್ಯದಲ್ಲಿ ಥಾಮಸ್ ಭುಜ, ಷರ್ಮನ್ ಮೊಣಕೈ, ಚಾನ್ಸೆಲರ್ ಮೊಣಕಾಲು ನೋವಿನಲ್ಲೇ ಆಡಿದ್ದರು ಎಂಬುದೂ ಗಮನಿಸಬೇಕಾದ ಸಂಗತಿ. ಆದರೂ ಈ ರಕ್ಷಣಾ ಪಡೆ 2012ರಿಂದ 2015ರವರೆಗೆ ಸತತ ನಾಲ್ಕು ಋತು ಲೀಗ್‌ನಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟಿತು. 1950ರ ದಶಕದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ನಂತರ ಹೀಗೆ ಮಾಡಿದ ತಂಡ ಇನ್ನೊಂದಿರಲಿಲ್ಲ.

ಒಪ್ಪಂದ ಇದ್ದೂ ಅಸಮಾಧಾನ

ಮಿತಿ ಏರುತ್ತ ಹೋದಂತೆ ನಿನ್ನೆಯ ದೊಡ್ಡ ಒಪ್ಪಂದ ಇಂದಿಗೆ ಸಣ್ಣದಾಗಿ ಕಾಣುತ್ತದೆ. ಮೊದಲು ಸಹಿ ಹಾಕಿದ ಚಾನ್ಸೆಲರ್ 2015ರಲ್ಲಿ ಒಪ್ಪಂದ ಪರಿಷ್ಕರಿಸುವಂತೆ ಕೇಳಿ ಶಿಬಿರಕ್ಕೆ ಬರಲಿಲ್ಲ. ಮೊದಲ ಎರಡು ಪಂದ್ಯಗಳಲ್ಲೂ ಆಡಲಿಲ್ಲ. ಎರಡರಲ್ಲೂ ತಂಡ ಸೋತಿತು. ಒಬ್ಬನಿಗೆ ಮಣಿದರೆ ಉಳಿದವರೂ ಸಾಲುಗಟ್ಟುತ್ತಾರೆ ಎಂಬುದು ಆಡಳಿತದ ಅಂಜಿಕೆ. ನನ್ನ ದೇಹ ಎಷ್ಟು ದಿನ ತಡೆದೀತು ಎಂಬುದು ಆಟಗಾರನ ಅಂಜಿಕೆ. ಕೊನೆಗೆ ಅವರು ಮರಳಿದರು. 2017ರ ಆಗಸ್ಟ್‌ನಲ್ಲಿ ಅವರಿಗೆ ಮೂರು ವರ್ಷಕ್ಕೆ 3.6 ಕೋಟಿ ಡಾಲರ್ ಹೊಸ ಒಪ್ಪಂದ ದೊರೆಯಿತು.

ಆ ಒಪ್ಪಂದಕ್ಕೆ ಮೂರು ತಿಂಗಳು ದಾಟಿದ ಸ್ವಲ್ಪದರಲ್ಲೇ, 2017ರ ನವೆಂಬರ್ 9ರಂದು, ಅದೇ ಗ್ಲೆಂಡೇಲ್ ಮೈದಾನದಲ್ಲಿ ಚಾನ್ಸೆಲರ್ ಕುತ್ತಿಗೆಗೆ ಪೆಟ್ಟಾಯಿತು. ಅದೇ ಪಂದ್ಯದಲ್ಲಿ ಷರ್ಮನ್ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಎವ್ರಿಲ್ ಅದಕ್ಕೂ ಮೊದಲೇ ಕುತ್ತಿಗೆ ಗಾಯದಿಂದ ಹೊರಗಿದ್ದರು. ಚಾನ್ಸೆಲರ್ ಮತ್ತು ಎವ್ರಿಲ್ ಮತ್ತೆ ಎನ್‌ಎಫ್‌ಎಲ್‌ನಲ್ಲಿ ಆಡಲಿಲ್ಲ. ಗಾಯಕ್ಕೆಂದು ಖಾತರಿ ಕೊಟ್ಟಿದ್ದ ಹಣ ಚಾನ್ಸೆಲರ್ ಕೈ ಸೇರಿತು. ಆಡದ ಅವರ ಹೆಸರು ತಂಡದ ಲೆಕ್ಕದಲ್ಲಿ ಉಳಿಯಿತು. ತಂಡದ ದೃಷ್ಟಿಯಲ್ಲಿ ಅದು ಕೈತಪ್ಪಿದ ಹೂಡಿಕೆ. ಆದರೆ ಆ ಖಾತರಿ ಇಲ್ಲದಿದ್ದರೆ ಎಂಟು ವರ್ಷ ತಂಡಕ್ಕಾಗಿ ಡಿಕ್ಕಿ ಹೊಡೆದವನಿಗೆ ಉಳಿಯುತ್ತಿದ್ದದ್ದು ಗಾಯ ಮಾತ್ರ.

2018ರ ಮಾರ್ಚ್‌ನಲ್ಲಿ ಬೆನೆಟ್ ಅವರನ್ನು ಫಿಲಡೆಲ್ಫಿಯಾಕ್ಕೆ ಕಳಿಸಲಾಯಿತು. ಷರ್ಮನ್ ಅವರನ್ನು ಕೈಬಿಡಲಾಯಿತು. ಷರ್ಮನ್ ಮಧ್ಯವರ್ತಿ ಇಲ್ಲದೆ ತಾವೇ ಮಾತುಕತೆ ನಡೆಸಿ ಎದುರಾಳಿ ಸ್ಯಾನ್‌ಫ್ರಾನ್ಸಿಸ್ಕೊ 49ಅರ್ಸ್ ತಂಡ ಸೇರಿದರು.

ಥಾಮಸ್ ಪ್ರಕರಣ

ಮರುಒಪ್ಪಂದದ ಜಗಳದಲ್ಲಿ ಎರಡೂ ಕಡೆಯ ವಾದ ಎಷ್ಟು ನಿಜ ಎಂಬುದಕ್ಕೆ ಅರ್ಲ್ ಥಾಮಸ್ ಪ್ರಕರಣ ಸಾಕ್ಷಿ. 2018 ಅವರ ಒಪ್ಪಂದದ ಕೊನೆಯ ವರ್ಷ. ಹೊಸ ಒಪ್ಪಂದ ಕೊಡಿ ಅಥವಾ ಬೇರೆ ತಂಡಕ್ಕೆ ಕಳಿಸಿ ಎಂದು ಕೇಳಿ ಅವರು ಶಿಬಿರದಿಂದ ದೂರ ಉಳಿದರು. ತಂಡ ಎರಡನ್ನೂ ಮಾಡಲಿಲ್ಲ. ಮೂವತ್ತರ ಹತ್ತಿರ ಬಂದ, ಹಿಂದೊಮ್ಮೆ ಕಾಲು ಮುರಿದಿದ್ದ ಆಟಗಾರನಿಗೆ ದೀರ್ಘ ಒಪ್ಪಂದ ಕೊಡುವುದೇ ಎಂಬ ಹಿಂಜರಿಕೆ ಅದಕ್ಕಿತ್ತು. ಥಾಮಸ್ ಮೊದಲ ಪಂದ್ಯಕ್ಕೆ ಮರಳಿದರು, ಚೆನ್ನಾಗಿಯೇ ಆಡಿದರು. ಸೆಪ್ಟೆಂಬರ್ 30ರಂದು, ನಾಲ್ಕನೇ ಪಂದ್ಯದಲ್ಲಿ, ಮತ್ತೆ ಗ್ಲೆಂಡೇಲ್‌ನಲ್ಲೇ ಅವರ ಎಡಗಾಲು ಮುರಿಯಿತು. ಗಾಡಿಯಲ್ಲಿ ಹೊರಗೆ ಒಯ್ಯುವಾಗ ಅವರು ತಮ್ಮದೇ ತಂಡದ ಕಡೆಗೆ ನಡುಬೆರಳು ತೋರಿಸಿದ್ದನ್ನು ದೇಶವೇ ಟಿವಿಯಲ್ಲಿ ನೋಡಿತು.

ಅವರ ಅಂಜಿಕೆ ನಿಜವಾಗಿತ್ತು. 2019ರ ಮಾರ್ಚ್‌ನಲ್ಲಿ ಬಾಲ್ಟಿಮೋರ್ ರೇವನ್ಸ್ ಅವರಿಗೆ ನಾಲ್ಕು ವರ್ಷಕ್ಕೆ 5.5 ಕೋಟಿ ಡಾಲರ್ ಕೊಟ್ಟಿತು, ಅದರಲ್ಲಿ 3.2 ಕೋಟಿ ಖಾತರಿ. ಆದರೆ 2020ರ ಆಗಸ್ಟ್‌ನಲ್ಲಿ, ಅಭ್ಯಾಸದಲ್ಲಿ ಸಹ ಆಟಗಾರನೊಂದಿಗೆ ಜಗಳವಾದ ಬಳಿಕ, ಆ ತಂಡವೂ ಅವರನ್ನು ಕೈಬಿಟ್ಟಿತು. ಹೀಗೆ ಸಿಯಾಟಲ್‌ನ ಹಿಂಜರಿಕೆಯೂ ಸುಳ್ಳಾಗಲಿಲ್ಲ.

ಎರಡನೇ ಸುತ್ತಿನ ನಿರ್ಧಾರಗಳು

2019ರಲ್ಲಿ ಸಿಯಾಟಲ್ ಮುಂದೆ ಮತ್ತೆ ಮೂರು ಹೆಸರುಗಳಿದ್ದವು. ಕ್ವಾರ್ಟರ್‌ಬ್ಯಾಕ್ ವಿಲ್ಸನ್‌ಗೆ ಏಪ್ರಿಲ್‌ನಲ್ಲಿ ನಾಲ್ಕು ವರ್ಷಕ್ಕೆ 14 ಕೋಟಿ ಡಾಲರ್ ಒಪ್ಪಂದವಾಯಿತು. ಮುಂದಿನ ಸಾಲಿನ ಫ್ರಾಂಕ್ ಕ್ಲಾರ್ಕ್‌ಗೆ ಫ್ರಾಂಚೈಸ್ ಟ್ಯಾಗ್ ಹಾಕಿ, ಬಳಿಕ ಮೊದಲ ಮತ್ತು ಎರಡನೇ ಸುತ್ತಿನ ಆಯ್ಕೆಗಳಿಗೆ ಪ್ರತಿಯಾಗಿ ಕಾನ್ಸಾಸ್ ಸಿಟಿ ಚೀಫ್ಸ್‌ಗೆ ಕಳಿಸಲಾಯಿತು. ವ್ಯಾಗ್ನರ್ ತಾವೇ ತಮ್ಮ ಮಧ್ಯವರ್ತಿಯಾಗಿ ಕುಳಿತು ಜುಲೈನಲ್ಲಿ ಮೂರು ವರ್ಷಕ್ಕೆ 5.4 ಕೋಟಿ ಡಾಲರ್ ಒಪ್ಪಂದ ಗಿಟ್ಟಿಸಿಕೊಂಡರು.

2020ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಚೀಫ್ಸ್ ಪರ ಕ್ಲಾರ್ಕ್, 49ಅರ್ಸ್ ಪರ ಷರ್ಮನ್ ಆಡಿದರು. ಸಿಯಾಟಲ್ ಉಳಿಸಿಕೊಳ್ಳದ ಇಬ್ಬರು ರಕ್ಷಣಾ ಆಟಗಾರರು ಎರಡೂ ಬದಿಯಲ್ಲಿ. ಚೀಫ್ಸ್ 31-20ರಿಂದ ಗೆದ್ದಿತು. 2022ರ ಮಾರ್ಚ್‌ನಲ್ಲಿ, ವಿಲ್ಸನ್ ಅವರನ್ನು ಡೆನ್ವರ್‌ಗೆ ಕಳಿಸಲು ಒಪ್ಪಿದ ದಿನವೇ, ಹತ್ತು ಋತು ಆಡಿದ್ದ ವ್ಯಾಗ್ನರ್ ಅವರನ್ನೂ ಸಿಯಾಟಲ್ ಕೈಬಿಟ್ಟಿತು. ಸೂಪರ್ ಬೌಲ್ ಗೆದ್ದ ತಂಡದ ಹಳೆಯ ಕೊಂಡಿ ಅಲ್ಲಿಗೆ ಬಹುತೇಕ ಕಳಚಿತು. ಒಂದು ವರ್ಷ ಲಾಸ್ ಏಂಜಲೀಸ್ ರ‍್ಯಾಮ್ಸ್ ಪರ ಆಡಿದ ವ್ಯಾಗ್ನರ್ 2023ರಲ್ಲಿ ಒಂದು ವರ್ಷದ ಒಪ್ಪಂದದ ಮೇಲೆ ಮರಳಿ ಬಂದರು. 2024ರಲ್ಲಿ ವಾಷಿಂಗ್ಟನ್ ತಂಡಕ್ಕೆ ಹೋದರು.

ಲೆಕ್ಕದ ಸಾರ

ಈ ಹತ್ತು ವರ್ಷಗಳಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಅಗ್ಗದ ಒಪ್ಪಂದದ ಎಳೆಯರಿರುವ ಮೂರು ನಾಲ್ಕು ವರ್ಷಗಳೇ ಗೆಲ್ಲುವ ಕಾಲ. ಕ್ವಾರ್ಟರ್‌ಬ್ಯಾಕ್‌ಗೆ ದೊಡ್ಡ ಸಂಬಳ ಶುರುವಾದ ಮೇಲೆ ರಕ್ಷಣೆಗೆ ಉಳಿಯುವುದು ಕಡಿಮೆ. ಮೊದಲನೇ ಮರುಒಪ್ಪಂದ ಆಟಗಾರನ ಇಪ್ಪತ್ತರ ನಡುವಯಸ್ಸಿನಲ್ಲಿ ಆಗುವುದರಿಂದ ಸಾಮಾನ್ಯವಾಗಿ ಲಾಭದ್ದು. ಮೂವತ್ತರ ಅಂಚಿನ ಎರಡನೆಯದರಲ್ಲಿ ಅಪಾಯ ಹೆಚ್ಚು. ಹೋದವರ ಜಾಗಕ್ಕೆ ಡ್ರಾಫ್ಟ್‌ನ ಕೊನೆಯ ಸುತ್ತುಗಳಿಂದ ಹೊಸಬರು ಬರುತ್ತಲೇ ಇದ್ದರೆ ಮಾತ್ರ ಪಡೆ ಉಳಿಯುತ್ತದೆ. 2010ರಿಂದ 2012ರವರೆಗೆ ಸಿಕ್ಕಂಥ ಫಸಲು ಸಿಯಾಟಲ್‌ಗೆ ನಂತರದ ವರ್ಷಗಳಲ್ಲಿ ಸಿಗಲಿಲ್ಲ.

ಮಿತಿಯ ಉದ್ದೇಶವೂ ಅದೇ. ಒಂದೇ ತಂಡ ಎಲ್ಲ ಶ್ರೇಷ್ಠರನ್ನು ಸದಾ ಕಟ್ಟಿಹಾಕಬಾರದು, ಸಣ್ಣ ಊರಿನ ತಂಡಕ್ಕೂ ಗೆಲ್ಲುವ ಸರದಿ ಬರಬೇಕು ಎಂಬುದು. ಆ ಸಮಾನತೆಯ ಖರ್ಚನ್ನು ಮಾಲೀಕರ ಜೊತೆಗೆ ಆಟಗಾರರೂ ಹೊರುತ್ತಾರೆ. ರಿಚರ್ಡ್ ಷರ್ಮನ್ ಮೊದಲ ಮೂರು ವರ್ಷ ಲೀಗ್‌ನ ಅತ್ಯುತ್ತಮ ಕಾರ್ನರ್‌ಬ್ಯಾಕ್‌ಗಳಲ್ಲಿ ಒಬ್ಬರಾಗಿ ಆಡಿದ್ದು ಐದನೇ ಸುತ್ತಿನ ಹೊಸಬನ ಸಂಬಳಕ್ಕೆ.